ಚಿಂದಿ ಮೂಟೆಯೊಳಗಿನ ಮೋಟಾರು

ನಮ್ಮ ಯಜಮಾನರಿಗೆ ಡಾಕ್ಟರ ಮಾತೆಂದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು. ಮುರಿದ ಬಲಗಾಲು ಕೂಡಿಕೊಂಡ ಮೇಲೆ, "ಕಾಲು ಆಡಿಸ್ತಾ ಇರಿ, ಇಲ್ಲದಿದ್ರೆ ಕೋಲು ಜೀವನಪೂರ್ತಿ ಬಿಡಲ್ಲ" ಎಂದು ಹೇಳಿ ಕಳಿಸಿದರೆ, ಈ ಮಹಾನುಭಾವರು ಬಂದು ಕುರ್ಚಿಗೆ ಅಂಟಿಕೊಂಡರು. ಗದರಿದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ. ಗೋಡೆಗೆ ಹೇಳಿದಂತಾಯಿತು.

ಕೊನೆಗೆ ಇವರ ಕಾಲು ಆಡಿಸಿದ್ದು ಗುಜರಿ ಅಂಗಡಿಯ ಹಳೇ ಗರಗಸ. ಪೆಡಲು ತುಳಿದರೆ ಚಕ್ರ ತಿರುಗಿ, ಅಲಗು ಮೇಲೆ ಕೆಳಗೆ ಆಡುತ್ತ ಹಲಗೆ ಕೊಯ್ಯುವಂಥದ್ದು. ಲೇತ್ ಕೆಲಸದಿಂದ ನಿವೃತ್ತರಾದವರ ಕೈ ಸುಮ್ಮನಿರುತ್ತದೆಯೇ? ತುಕ್ಕು ಉಜ್ಜಿದರು, ಮುರಿದ ಕೊಂಡಿಯನ್ನು ತಾವೇ ಕಾಯಿಸಿ ಬಡಿದು ಹೊಸದು ಮಾಡಿದರು. ಆಮೇಲೆ ತುಳಿದದ್ದೇ ತುಳಿದದ್ದು. ಇತ್ತ ನಾನು ಹೊಲಿಗೆ ಮಿಷನ್ನು, ಅತ್ತ ಅವರು ಗರಗಸ. ಮೊನ್ನೆ ಪ್ಯಾಂಟಿಗೆ ಅಳತೆ ತೆಗೆದರೆ ಸೊರಗಿದ್ದ ಮೀನಖಂಡ ತುಂಬಿಕೊಂಡಿತ್ತು. ನನಗೆ ಹೋದ ಜೀವ ಬಂತು.

ಅಷ್ಟರಲ್ಲಿ ಗುಜರಿಯವನು ಒಂದು ಪುಟ್ಟ ಮೋಟಾರು ತಂದುಕೊಟ್ಟ. ಗರಗಸಕ್ಕೆ ಮೋಟಾರು ಕೂತರೆ ಇವರು ಮತ್ತೆ ಕುರ್ಚಿಗೇ ಸರಿ. ಇವರು ಸ್ನಾನಕ್ಕೆ ಹೋದದ್ದೇ ತಡ, ಅದನ್ನು ಚಿಂದಿ ಬಟ್ಟೆಯ ಮೂಟೆಯೊಳಗೆ ತುರುಕಿದೆ.

"ಮೋಟಾರು ನೋಡಿದ್ಯೇನೇ?"

"ನಿಮ್ಮ ಕಬ್ಬಿಣದ ಸಂಸಾರ ನಂಗೇನು ಗೊತ್ರೀ? ನಾನಂತೂ ಚಿಂದಿ ಮೂಟೆ ಹತ್ರಾನೂ ಹೋಗಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಅನ್ನುವುದೂ ಬೇಕಿರಲಿಲ್ಲ. ಇವರು "ಹೂಂ" ಎಂದು ಮೀಸೆಯಡಿ ನಕ್ಕು, ಯಾವುದೋ ಕಬ್ಬಿಣದ ಪಟ್ಟಿಗೆ ತೂತು ಕೊರೆಯಲು ಹೋದರು.

ಇವತ್ತು ಆ ಪಟ್ಟಿ ಹಿಡಿದು ಬಂದರು. ಕೋಲನ್ನು ಮೇಜಿಗೆ ಒರಗಿಸಿ, ಪಟ್ಟಿಯನ್ನು ನನ್ನ ಹೊಲಿಗೆ ಮಿಷನ್ನಿನ ಬೆನ್ನಿಗಿಟ್ಟರು. ತೂತಿಗೆ ತೂತು ಸರಿಯಾಗಿ ಕೂತಿತು.

"ಮಂಡಿ ನೋವು ಅಂತ ನರಳ್ತೀಯಲ್ಲ, ಇನ್ಮೇಲೆ ನೀನು ತುಳೀಬೇಡ."

"ಮೋಟಾರು ಗರಗಸಕ್ಕಲ್ವೇನ್ರೀ?"

"ಗರಗಸಕ್ಯಾಕೆ? ತುಳಿಯೋದೇ ಅದರ ಮಜಾ ಕಣೆ."

ನಾನು ನೆಲ ನೋಡಿದೆ. ಇವರು ಸೀದಾ ಕೋಣೆಯ ಆ ಮೂಲೆಗೆ ಹೋಗಿ, ಮೂಟೆಗೆ ಕೈ ಹಾಕಿ ಮೋಟಾರು ಎಳೆದರು.

"ನೀನು ಹತ್ರಾನೂ ಹೋಗದ ಮೂಟೆಯಲ್ಲಿ ನೋಡು, ಎಂಥ ಕಬ್ಬಿಣದ ಬೆಳೆ ಬಂದಿದೆ."

ಮೊದಲೇ ಗೊತ್ತಿದ್ದೂ ಆಟ ಆಡಿಸಿದರಲ್ಲ ಎಂದು ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಸಂತೋಷಕ್ಕೆ ಅಳುವೇ ಬಂತು. ಕೋಲು ಮೇಜಿಗೆ ಒರಗಿಕೊಂಡೇ ಇತ್ತು. ಇವರು ಎರಡೂ ಕೈಯಲ್ಲಿ ಮೋಟಾರು ಎತ್ತಿಕೊಂಡು ನನ್ನ ಕಡೆಗೆ ನಡೆದು ಬರುತ್ತಿದ್ದರು.