ಮನೆ ಮುಂದೆ ದನದ ಹುಲ್ಲು

ಅವತ್ತು ಜುಲೈ ತಿಂಗಳ ಸುಡು ಮಧ್ಯಾಹ್ನ. ಹಿಟ್ಟು ನಾದಿದ ಕೈ ತೊಳೆಯೋಣವೆಂದು ನಲ್ಲಿ ತಿರುಗಿಸಿದೆ. ಬುಸ್ಸೆಂದು ಗಾಳಿ ಬಂತು, ಹಿಂದೆಯೇ ಮರಳು. ನಮ್ಮ ಪಶ್ಚಿಮ ಕ್ಯಾನ್ಸಸ್‌ನಲ್ಲಿ ಆ ಸದ್ದು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ನಮ್ಮ ನಲ್ಲಿಗೆ ಬರುವುದು ಮನೆಯ ಬಾವಿಯ ನೀರೇ. ಬಾವಿ ರಿಪೇರಿಯವನು ಬಂದು ನೋಡಿದ. "ನೀರು ತುಂಬಾ ಕೆಳಗಿಳಿದಿದೆ ಲಿಯೋನಾಮ್ಮ. ಹಿಂಗೇ ಎಳೀತಾ ಇದ್ರೆ ಬಾವಿ ಬತ್ತುತ್ತೆ. ಆಮೇಲೆ ನೀವು ಮನೆ ಬಿಡಬೇಕಾಗುತ್ತೆ" ಅಂದ.

ಹೊರಗೆ ನನ್ನ ಗಂಡ ಆಲ್ವಿನ್‌ನ ಹುಲ್ಲುಹಾಸು ಮಾತ್ರ ಹಚ್ಚಗಿತ್ತು. ಅದು ಮಳೆ ಸುರಿಯುವ ಊರುಗಳ ಹುಲ್ಲು. ಪ್ರತಿ ಸಂಜೆ ಅದಕ್ಕೆ ನೀರು ಬೇಕು, ಶನಿವಾರ ಬಂದರೆ ಕತ್ತರಿಸಬೇಕು. ನನಗಾದರೂ ಅಷ್ಟು ಉಪಚಾರ ಎಂದೂ ಆಗಿರಲಿಲ್ಲ!

ಸುದ್ದಿ ಕೇಳಿ ಆಲ್ವಿನ್‌ನ ಅಕ್ಕ ವರ್ನಾ ಬಂದರು.

"ಅದನ್ನ ಕಿತ್ತಾಕೋ. ನಿನ್ನ ಹುಲ್ಲುಗಾವಲಲ್ಲಿರೋ ಬಫೆಲೋ ಹುಲ್ಲನ್ನೇ ನೆಡು" ಅಂದರು.

"ದನ ಮೇಯೋ ಹುಲ್ಲನ್ನ ಮನೆ ಮುಂದೆ ನೆಡ್ಲಾ? ಜನ ನಗಲ್ವೇನಕ್ಕ?"

"ನಿನ್ನ ಹುಲ್ಲುಗಾವಲಿಗೆ ಯಾವತ್ತಾದ್ರೂ ನೀರು ಹಾಯಿಸಿದ್ದೀಯಾ?"

"ಇಲ್ಲ."

"ಹುಲ್ಲು ಸತ್ತಿದ್ಯಾ?"

ಆಲ್ವಿನ್ ಟೋಪಿ ಸರಿಮಾಡಿಕೊಂಡ.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಯ್ತು ನಿನ್ನ ಕಥೆ. ಅದರ ಬೇರು ಆಳಕ್ಕಿಳಿಯುತ್ತೆ ಕಣೋ. ಬಿಸಿಲು ಚೆನ್ನಾಗಿದ್ರೆ ಸಾಕು."

ಅವತ್ತೇ ಹಳೇ ಹುಲ್ಲಿಗೆ ನೀರು ನಿಲ್ಲಿಸಿದೆವು. ಮುಂದಿನ ಜೂನ್‌ನಲ್ಲಿ ಬಫೆಲೋ ಹುಲ್ಲಿನ ಸಸಿ ನೆಟ್ಟು, ಬೇರು ಹಿಡಿಯುವ ತನಕ ಮಾತ್ರ ನೀರು ಕೊಟ್ಟೆವು. ಮರದ ನೆರಳಿನಲ್ಲಿ ಅದು ಏಳುವುದಿಲ್ಲ. ಅಲ್ಲಿ ಮರದ ಚಕ್ಕೆ ಹರಡಿದೆವು.

ಕಷ್ಟ ಬಂದದ್ದು ಮಾರನೇ ವರ್ಷದ ಏಪ್ರಿಲ್‌ನಲ್ಲಿ. ಎಲ್ಲರ ಅಂಗಳ ಹಸಿರು, ನಮ್ಮದು ಕಂದು. ಕಾಫಿ ಅಂಗಡಿಯಲ್ಲಿ ಗೆಳೆಯರು ಬಿಡುತ್ತಾರೆಯೇ? "ಆಲ್ವಿನ್, ಹುಲ್ಲನ್ನ ಮಣ್ಣು ಮಾಡೋದು ಯಾವಾಗ? ಪಾದ್ರಿಗೆ ಹೇಳಿದ್ಯಾ?"

ಮಾನ ಹೋಯಿತೆಂದು ಆಲ್ವಿನ್ ಒಂದು ಚೀಲ ಗೊಬ್ಬರ ಸುರಿದು, ದಿನಾ ನೀರು ಬಿಟ್ಟ. ಹುಲ್ಲು ಏಳಲಿಲ್ಲ, ಕಳೆ ಎದ್ದಿತು. ನಲ್ಲಿಯಲ್ಲಿ ಮತ್ತೆ ಮರಳು ಬಂತು. ನನಗೆ ಅಳುವೇ ಬಂತು.

ವರ್ನಾ ಬಂದವರೇ ಪೈಪು ಕಿತ್ತುಕೊಂಡರು. "ಅದಿನ್ನೂ ನಿದ್ದೇಲಿದೆ ಮಾರಾಯಾ! ಈ ಹುಲ್ಲು ತಡವಾಗೇ ಏಳೋದು. ನೀನು ಕಳೆಗೆ ಔತಣ ಹಾಕ್ತಿದ್ದೀಯ. ಸುಮ್ಮನಿರೋದು ಕಲಿ."

ಮೂವರೂ ಮೊಣಕಾಲೂರಿ ಕಳೆ ಕಿತ್ತೆವು. ಮೇ ಮುಗಿಯುವಷ್ಟರಲ್ಲಿ ಅಂಗಳವೆಲ್ಲ ತೆಳು ಹಸಿರಾಯಿತು.

ಈ ಆಗಸ್ಟ್‌ನ ಬಿಸಿಗಾಳಿಗೂ ಅದು ಬಾಡಲಿಲ್ಲ. ತೀರಾ ಒಣಗಿದಾಗ ಒಮ್ಮೆ ನೆನೆಯುವಂತೆ ನೀರು ಕೊಟ್ಟರೆ ಆಯಿತು. ಬಾವಿಗೂ ಉಸಿರು ಬಂತು. ಮೊನ್ನೆ ಮೊಮ್ಮಕ್ಕಳೆಲ್ಲ ಬಂದು ಸ್ನಾನ ಮಾಡಿದರೂ ನೀರು ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಥ್ಯಾಂಕ್ಸ್ ಹೇಳದ ನನ್ನ ಗಂಡ, ಒಂದು ಲೋಟ ನೀರು ತುಂಬಿ ಅಕ್ಕನ ಕೈಗಿಟ್ಟ.

"ಅಕ್ಕಾ, ನಾವಿನ್ನೂ ಈ ಮನೇಲಿದ್ದೀವಿ ಅಂದ್ರೆ ನಿನ್ನಿಂದ."

"ನಿನ್ನ ದನಗಳಿಗೆ ಹೇಳು. ಒಳ್ಳೇ ಹುಲ್ಲು ಯಾವುದು ಅಂತ ಅವಕ್ಕೆ ಮೊದಲೇ ಗೊತ್ತಿತ್ತು!"

ಅತ್ತಿಗೆ ನಕ್ಕರು, ಕಣ್ಣೊರೆಸಿಕೊಂಡರು. ಅವರ ಋಣ ನಾನು ಮರೆಯುವುದಿಲ್ಲ.

ನಿಮ್ಮದೂ ಒಣ ಸೀಮೆಯೇ? ಹಾಗಾದರೆ ಯಾರೂ ನೀರು ಹಾಕದ ಬಯಲಿಗೆ ಒಮ್ಮೆ ಹೋಗಿ, ಅಲ್ಲಿ ಯಾವ ಹುಲ್ಲು ಬದುಕಿದೆ ನೋಡಿ. ಅಂಗಳಕ್ಕೆ ಅದನ್ನೇ ತನ್ನಿ. ಅದು ಕಂದು ಬಣ್ಣಕ್ಕೆ ತಿರುಗಿ ಮಲಗಿದಾಗ ಎಬ್ಬಿಸಲು ಹೋಗಬೇಡಿ. ನಗುವವರು ನಗಲಿ, ನಿಮ್ಮ ಬಾವಿಯಲ್ಲಿ ನೀರಿರಲಿ.