ಹೊಗೆಯ ದಾರಿಯಲ್ಲಿ ಮೂರನೆಯ ಗಡಿಗೆ

ಹೊಗೆ ಎಂದರೆ ಒಲೆಯ ಮಗಳು ಎಂದು ಶಂಕ್ರಮ್ಮನಿಗೆ ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದಳು. ಮುಗಿಲಿಗೆ ಕೊಟ್ಟ ಹೆಣ್ಣು ಅದು. ದಾರಿ ತೋರಿಸಿದರೆ ನಗುತ್ತ ಹೋಗುತ್ತದೆ, ತೋರಿಸದಿದ್ದರೆ ತವರಲ್ಲೇ ಕೂತು ಎಲ್ಲರ ಕಣ್ಣಲ್ಲೂ ನೀರು ತರಿಸುತ್ತದೆ.

ತಳಕಲ್ಲು ಊರಿನ ಆ ಮಾಳಿಗೆ ಮನೆಯಲ್ಲಿ ಹೊಗೆ ಈಗ ತವರಲ್ಲೇ ಕೂತಿತ್ತು. ಒಲೆಯ ಮೇಲಿನ ಹೊಗೆಗೊಳವೆ ಎಲ್ಲೋ ಬಿರಿದಿತ್ತು. ಅತ್ತೆ ವಿರೂಪಾಕ್ಷಮ್ಮ ಪಡಸಾಲೆಯಲ್ಲಿ ಕೆಮ್ಮಿದರೆ ಹಿತ್ತಲಿನ ಎಮ್ಮೆ ಕಿವಿ ನಿಮಿರಿಸುತ್ತಿತ್ತು.

ಕೊಳವೆ ಎಂದರೆ ಒಂದರ ಮೇಲೊಂದು ಕೂತ ಮೂರು ಗಡಿಗೆಗಳು. ಮದುವೆಯಲ್ಲಿ ಕುಂಬಾರರ ಮನೆಯಿಂದ ಬಾಜಿ ಬಜಂತ್ರಿಯೊಂದಿಗೆ ಬರುವ ಐರಾಣಿ ಗಡಿಗೆಗೆ ಸುಣ್ಣ, ಕೆಮ್ಮಣ್ಣಿನಲ್ಲಿ ಬಳ್ಳಿ ಬರೆದಿರುತ್ತಾರೆ. ಈ ಮನೆಯಲ್ಲಿ ವರ್ಷ ತುಂಬಿದ ಮೇಲೆ ಅದರ ತಳ ತೆಗೆದು ಒಲೆಯ ಮೇಲೆ ಕೂರಿಸುವುದು ರೂಢಿ. ಮಾಳಿಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತದ್ದು ಅತ್ತೆಯ ಅತ್ತೆಯದು. ಚಾವಣಿಗೆ ಹೊದಿಸಿದ ಮೇಲ್ಮುದ್ದೆಯ ಮಣ್ಣಿನೊಳಗೆ ಹುದುಗಿದ್ದು ವಿರೂಪಾಕ್ಷಮ್ಮನದು. ಎಲ್ಲಕ್ಕಿಂತ ಕೆಳಗೆ, ಉರಿಯ ನಾಲಗೆಗೆ ಎದೆಯೊಡ್ಡಿದ್ದು ಹಿರಿಸೊಸೆ ಶಂಕ್ರಮ್ಮನದು. ರೊಟ್ಟಿ ಬಡಿಯುವಾಗ ಆಕೆ ತಲೆಯೆತ್ತಿ ನೋಡುವಳು. ಕಥೆಯ ರಾಜಕುಮಾರಿಯ ಏಳುಪ್ಪರಿಗೆ ಅರಮನೆ ಅಲ್ಲದಿದ್ದರೇನು, ಮೂರುಪ್ಪರಿಗೆಯಲ್ಲಿ ಒಂದು ತನ್ನದು.

ಕಿರಿಸೊಸೆ ಕನಕಮ್ಮನ ಗಡಿಗೆಗೆ ಅಲ್ಲಿ ಜಾಗ ಉಳಿದಿರಲಿಲ್ಲ. ಅದು ಮೂಲೆಯಲ್ಲಿ ಮೆಣಸಿನಕಾಯಿ ಬೀಜ ತುಂಬಿಕೊಂಡು ಕೂತಿತ್ತು. ಇದೊಂದು ವಿಷಯದಲ್ಲಿ ಶಂಕ್ರಮ್ಮನಿಗೆ ನೆಮ್ಮದಿ. ಉಳಿದದ್ದೆಲ್ಲ ಹೊಟ್ಟೆಕಿಚ್ಚೇ. ಕನಕಮ್ಮ ಗದ್ದೆಯ ಸೀಮೆಯ ಮರಳಿ ಊರಿನವಳು. ಜೋಳ ತಿಂದು ಬೆಳೆದ ಅತ್ತೆಗೆ ತವರಿನ ಅಕ್ಕಿ ತಂದು ಅನ್ನ ಉಣ್ಣಿಸುವವಳು. ಕನಕಮ್ಮ ಕೆಮ್ಮಿದರೆ ಅವಳ ಗಂಡ ಈಶಪ್ಪ ತಂಬಿಗೆ ನೀರು ತರುತ್ತಿದ್ದ. ಶಂಕ್ರಮ್ಮ ಕೆಮ್ಮಿದರೆ ಅವಳ ಗಂಡ ಅಂದಪ್ಪ, "ರೊಟ್ಟಿ ಆದುವೇನ?" ಎನ್ನುತ್ತಿದ್ದ.

"ಈ ಗಡಿಗಿ ಗೋಪುರ ಕಿತ್ತಿ ಒಗದು, ತಗಡಿನ ಕೊಳವಿ ಹಾಕಸೂಣ್ರಿ ಅತ್ತಿ," ಎಂದಳು ಕನಕಮ್ಮ. "ಮರಳ್ಯಾಗ ನಮ್ಮ ಕಾಕಾನ ಮನಿಗೆ ಹಾಕ್ಯಾರ. ಹೊಗಿ ಸುರ್ ಅಂತ ಹೋಗತೈತಿ."

"ಲಡಾಯಿ ನಡದಾಗ ತಗಡ ಯಾರ ಕೊಡತಾರ? ಇದ್ದಬದ್ದದ್ದೆಲ್ಲಾ ದಂಡಿಗೆ ಹೊಂಟೈತಿ," ಎಂದಳು ಶಂಕ್ರಮ್ಮ. "ಒಂದೀಟು ಬಿರದೈತಿ, ಅಷ್ಟ. ಜಿಗಟ ಮಣ್ಣ ಮೆತ್ತಿದ್ರ ಆತು."

"ನಮ್ಮ ಕಾಕಾ ಕೊಪ್ಪಳದಾಗ ಹ್ಯಾಂಗರ ಮಾಡಿ ತರಸ್ತಾನ."

"ನಿಮ್ಮ ಕಾಕಾ ಚಂದ್ರನ್ನೂ ತರಸ್ತಾನ ತಗಿ. ಗ್ವಾಡಿಗೆ ಹಚ್ಚೂಣು."

"ಸುಮ್ಮಕಿರ್ರೆ ಇಬ್ರೂ!" ಎಂದು ಅತ್ತೆ ಕೆಮ್ಮಿನ ನಡುವೆಯೇ ಗದರಿದಳು. "ಮುದಿಯಪ್ಪನ್ನ ಕರೀರಿ. ಮೆತ್ತೂದೋ, ಕೀಳೂದೋ, ಅವ ನೋಡಿ ಹೇಳ್ಲಿ."

ಕುಂಬಾರ ಮುದಿಯಪ್ಪ ಬಂದು ಮೊದಲು ಚಹಾ ಕೇಳಿದ, ಆಮೇಲೆ ಏಣಿ. ಬೆರಳ ಗಣ್ಣಿನಿಂದ ಒಂದೊಂದೇ ಗಡಿಗೆಯನ್ನು ತಟ್ಟಿದ. ಮೇಲಿನವೆರಡೂ ಟಣ್ಣೆಂದವು. ಕೆಳಗಿನದು ನೆಗಡಿ ಬಂದವರಂತೆ ಗೊರ್ ಎಂದಿತು.

"ಮುದುಕ್ಯಾರಿಬ್ರೂ ಗಟ್ಟಿ ಅದಾರ್ರಿ. ಸೊಸಿದ ಎದಿ ಒಡದೈತಿ," ಎಂದು ನಕ್ಕ. "ಮಣ್ಣ ಮೆತ್ತಿದ್ರ ಮೂರ ದಿನಕ್ಕ ಉದರತೈತಿ. ಇದೊಂದ ತಗದು ಬ್ಯಾರೆ ಗಡಿಗಿ ಕುಂದ್ರಸ್ರಿ. ಕೊಳವಿ ಇನ್ನೂ ನಿಮ್ಮ ಮೊಮ್ಮಕ್ಕಳ ತನಕ ಬರತೈತಿ."

"ಹಂಗಾರ ಛಲೋ ಆತು. ಕನಕೀದು ಐತೆಲ್ಲ!" ಎಂದಳು ವಿರೂಪಾಕ್ಷಮ್ಮ.

ಶಂಕ್ರಮ್ಮನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಕೊಳವೆಗೆ ಕೊಳವೆಯೇ ಹೋಗಿದ್ದರೆ ಮೂವರದೂ ಹೋಗುತ್ತಿತ್ತು. ಈಗ ಹೋಗುವುದು ತನ್ನದೊಂದೇ, ಬರುವುದು ಅವಳದು.

"ಅತ್ತಿ, ತಗಡ ಹಾಕಸೂದ ಛಲೋ ಅನಸ್ತೈತ್ರಿ," ಎಂದಳು ಮೆಲ್ಲಗೆ.

"ಅಯ್ಯ, ತಗಡ ಬ್ಯಾಡ್ರಿ!" ಎಂದು ಕನಕಮ್ಮ ಆಗಲೇ ಮೂಲೆಗೆ ಓಡಿದ್ದಳು. "ಮಳಿಗಾಲಕ್ಕ ತುಕ್ಕ ಹಿಡೀತೈತಿ. ಗಡಿಗೀನ ಇರ್ಲಿ."

ಮುದಿಯಪ್ಪ ಇಬ್ಬರ ಮುಖವನ್ನೂ ನೋಡಿದ. "ಯಮ್ಮಾ, ನಿಮ್ಮ ಮನ್ಯಾಗ ಗಾಳಿ ಭಾಳ ಜಲ್ದಿ ತಿರಗತೈತಿ ನೋಡ್ರಿ."

ಅತ್ತೆ ತೀರ್ಮಾನಿಸಿಯಾಗಿತ್ತು. "ಶಂಕ್ರೀ, ನಿನ್ನದರ ತಳ ನಾ ತಗದಿದ್ದೆ. ಇವಳದು ನೀ ತಗೀಬೇಕು. ಹಿರೇರ ಕೈಲೇ ಆಗಬೇಕದು."

ಹಿತ್ತಲಲ್ಲಿ ಗೋಣಿ ಹಾಸಿದರು. ಕನಕಮ್ಮ ಬೀಜ ಸುರಿದು, ಗಡಿಗೆಗೆ ಹಸಿ ಉಸುಕು ಒತ್ತಿ ತುಂಬಿ, ಬೋರಲು ಹಾಕಿ ಎರಡೂ ಕೈಯಿಂದ ತಬ್ಬಿ ಹಿಡಿದಳು. ಸುಣ್ಣದ ಬಳ್ಳಿ ನಿನ್ನೆ ಬರೆದಂತೆ ಬೆಳ್ಳಗಿತ್ತು. ತನ್ನ ಗಡಿಗೆಯ ಮೇಲೆ ಎಂಥ ಬಳ್ಳಿ ಇತ್ತೆಂದು ಶಂಕ್ರಮ್ಮನಿಗೇ ಮರೆತುಹೋಗಿತ್ತು. ಮಸಿಯ ಕೆಳಗೆ ಅದು ಯಾವಾಗಲೋ ಸೇರಿತ್ತು.

ಮೊಳೆ ಇಟ್ಟಳು, ಗುಂಡುಕಲ್ಲೆತ್ತಿದಳು. ಸುತ್ತಲೂ ಹಗುರಾಗಿ ತಟ್ಟುತ್ತ ಬಂದರೆ ತಳ ಬಿಲ್ಲೆಯಂತೆ ಬಿಡುತ್ತದೆ. ಒಂದೇ ಒಂದು ಪೆಟ್ಟು ಬಿರುಸಾದರೆ ಗಡಿಗೆ ಮೇಲಿಂದ ಕೆಳಗೆ ಸೀಳುತ್ತದೆ. ಮಣ್ಣಿನ ಗುಣ ಎನ್ನುತ್ತಾರೆ, ಯಾರೂ ಏನೂ ಅನ್ನರು. ಮೂಲೆಯಲ್ಲಿ ಬೀಜ ಕಾಯಲಿಕ್ಕೂ ಅದು ಉಳಿಯದು.

"ಅಕ್ಕಾ," ಎಂದಳು ಕನಕಮ್ಮ ತಲೆಯೆತ್ತದೆ. "ಒಡದು ಹಾಕಬೇಕು ಅನಸಾಕತ್ತೈತಿ, ಹೌದಿಲ್ಲೋ?"

"ನಿನಗ್ಯಾರ ಹೇಳಿದ್ರು?"

"ಬಂದಾಗಿಂದ ನಿಮ್ಮ ಗಡಿಗಿ ನೋಡಿ ನನಗ ದಿನಾ ಅನಸೂದು. ಅದಕ್ಕ ತಗಡ ತಗಡ ಅಂತಿದ್ದೆ. ನಂದು ಬೀಜದ ಗಡಿಗಿ, ನಿಮ್ಮದು ಮನಿ ಗಡಿಗಿ."

ಶಂಕ್ರಮ್ಮ ಕಲ್ಲನ್ನು ಎತ್ತಿದಂತೆಯೇ ಹಿಡಿದಿದ್ದಳು. ಇಷ್ಟು ದಿನ ತಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದಳು. ಅನ್ನ ಉಣ್ಣಿಸುವವಳು, ತಂಬಿಗೆ ನೀರಿನವಳು ತನ್ನ ಮಸಿಗಡಿಗೆ ನೋಡಿ ಸಂಕಟಪಟ್ಟಿದ್ದಳಂತೆ! ಎದೆಯೊಳಗೆ ಸಣ್ಣದೊಂದು ಸಿಹಿ ಜಿನುಗಿತು, ಕದ್ದು ತಿಂದ ಬೆಲ್ಲದಂತೆ.

"ಗಟ್ಟಿ ಹಿಡಿ. ನಡುಗಬ್ಯಾಡ," ಎಂದಳು.

ಟಕ್ ಟಕ್ ಎಂದು ಸುತ್ತಿ ಬಂದಳು. ತಳ ಬಿಲ್ಲೆಯಂತೆ ಬಿಟ್ಟು ಕೈಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ಮುದಿಯಪ್ಪ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿ, ಸಂದಿಗೆ ಮಣ್ಣು ಬಡಿದು, ಇನ್ನೊಮ್ಮೆ ಚಹಾ ಕುಡಿದು ಹೋದ. ಹೊಗೆ ಹೊರಗೆ ಬರುವುದನ್ನು ನೋಡಲು ಕನಕಮ್ಮ ಮಾಳಿಗೆ ಹತ್ತಿದಳು. ಶಂಕ್ರಮ್ಮ ಒಲೆ ಹೊತ್ತಿಸಿದಳು. ಹೊಗೆ ಒಂದು ಗಳಿಗೆ ಅನುಮಾನಿಸಿ, ಸೆರಗು ಸಾವರಿಸಿಕೊಂಡು ಮೇಲೆ ಹೋಯಿತು.

"ಬಂತಕ್ಕಾ! ಎಷ್ಟ ಚಂದ ಬಂತು!" ಎಂದು ಮೇಲಿನಿಂದ ಕೂಗು.

"ಕನಕೀ ಗಡಿಗಿ ಕಾಲ್ಗುಣ ಛಲೋ ಐತಿ," ಎಂದಳು ಅತ್ತೆ, ಕೆಮ್ಮದೆ.

ಶಂಕ್ರಮ್ಮ ತಲೆಯೆತ್ತಿದಳು. ತನ್ನ ಜಾಗದಲ್ಲಿ ಬಿಳಿ ಬಳ್ಳಿ ಹಲ್ಲು ಕಿಸಿದಂತೆ ಹೊಳೆಯುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ, ಇಬ್ಬನಿಯಲ್ಲಿ ನೆನೆದು ಇನ್ನೂ ಆರದ ಹತ್ತಿಕಟ್ಟಿಗೆಯ ಹೊರೆಯಿಂದ ಒಂದು ತೆಕ್ಕೆ ತಂದು ಒಲೆಗೆ ತುರುಕಿದಳು. ದಟ್ಟ ಕರಿ ಹೊಗೆ ಎದ್ದು ಬಳ್ಳಿಯನ್ನು ನೆಕ್ಕತೊಡಗಿತು.

ಮಾಳಿಗೆಯ ಮೇಲೆ ಕನಕಮ್ಮ ಕೆಮ್ಮಿದಳು. "ಅಕ್ಕಾ, ಹೊಗಿ ಭಾಳ ಆತು!"

"ಹೊಸಾದೈತೆಲ್ಲ, ರೂಢಿ ಆಗ್ಲಿ!" ಎಂದು ಕೂಗಿ, ಶಂಕ್ರಮ್ಮ ಊದುಗೊಳವೆಗೆ ಬಾಯಿ ಹಚ್ಚಿದಳು.