ಉಡಚಮ್ಮನ ಮೊಳ

ದೊಡ್ಡಣ್ಣಾಚಾರಿ ಬಿದಿರುಕೋಲನ್ನು ಓಂಕಾರಪ್ಪ ಮೇಷ್ಟ್ರ ಮೊಳಕೈಗೆ ಆನಿಸಿ ಬೆರಳ ತುದಿಗೆ ಗುರುತು ಹಾಕಿದಾಗ, ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಉಡಚಮ್ಮ ಕತ್ತೆತ್ತಿ ಗೋಡೆಯ ಮೇಲ್ತುದಿ ನೋಡಿದಳು. ಅಡುಗೆಮನೆಯ ಹೊಸ ಕಪಾಟಿಗೆ ಅಳತೆ ಶುರುವಾಗಿತ್ತು. ನೆಲದಿಂದ ಅಂಥ ನಾಲ್ಕು ಮೊಳ ಅಳೆದು ಮೇಲಿನ ಹಲಗೆ ಕೂರಿಸುವುದು ಆಚಾರಿಯ ಪದ್ಧತಿ. ಮೇಷ್ಟ್ರೋ ಪ್ರತಿ ಬಾಗಿಲಿಗೂ ತಲೆ ಬಗ್ಗಿಸುವ ಆಳು. ಅವರ ನಾಲ್ಕು ಮೊಳವೆಂದರೆ ಉಡಚಮ್ಮನಿಗೆ ಅಟ್ಟವೇ ಸರಿ.

ಮರ ಆರಿಸಿದ್ದು ಮಾತ್ರ ಅವಳೇ. ಯಾರದೋ ಮನೆಯಲ್ಲಿ ಮಿರಮಿರ ಮಿಂಚುವ ಸನ್‌ಮೈಕಾ ಕಂಡು ಬಂದಿದ್ದ ಮೇಷ್ಟ್ರು, ಎಂಬತ್ನಾಲ್ಕನೇ ಇಸವಿಯಲ್ಲೂ ಮರದ ಹಲಗೆಯೇ ಎಂದು ಮೂಗು ಮುರಿದಿದ್ದರು. ಸನ್‌ಮೈಕಾ ಅಂಟಿಸಲೆಂದು ಅವರು ತಂದ ಪ್ಲೈವುಡ್ ತುಂಡನ್ನು ಅವಳು ಬಚ್ಚಲ ಬಕೆಟ್ಟಿನಲ್ಲಿ ಮೂರು ದಿನ ನೆನೆಹಾಕಿ, ಈರುಳ್ಳಿಯಂತೆ ಪದರ ಬಿಟ್ಟಿದ್ದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಆಮೇಲೆ ತಮ್ಮೂರು ನ್ಯಾಮತಿಯಿಂದ ಹೊನ್ನಾಳಿಯ ಸಾಮಿಲ್ಲಿಗೆ ಹೋಗಿ, ಒಂದೊಂದೇ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಚೆನ್ನಾಗಿ ಒಣಗಿದ ಹೊನ್ನೆಯನ್ನೇ ಗಾಡಿಗೆ ಹಾಕಿಸಿದಳು. ಆಚಾರಿಯೂ ಭೇಷ್ ಎಂದಿದ್ದ.

ಇಷ್ಟೆಲ್ಲ ಮಾಡಿ, ಕಪಾಟು ಕೈಗೆ ಎಟುಕದಿದ್ದರೆ ಏನು ಸುಖ? ಹನ್ನೊಂದು ವರ್ಷದಿಂದ ಅವಳು ಕೊಳಗ ಬೋರಲು ಹಾಕಿ, ಅದರ ಮೇಲೆ ಹತ್ತಿ ಗೋಡೆಯ ಹಳೆಯ ಗೂಡಿಗೆ ಕೈಹಾಕುತ್ತಿದ್ದಳು. ಹೋದ ಯುಗಾದಿಯಲ್ಲಿ ಉಪ್ಪಿನಕಾಯಿ ಜಾಡಿ ಸಮೇತ ಕೆಳಗೆ ಬಿದ್ದಾಗ, ಜಾಡಿ ಒಡೆಯಿತಲ್ಲ ಎಂದು ಮರುಗಿದವರೇ ಎಲ್ಲರೂ.

"ತಡೀರಿ ಆಚಾರ್ರೇ," ಎಂದಳು. "ಆ ಕೋಲು ನನ್ನ ಕೈಗೆ ಇಟ್ಟು ಅಳೀರಿ."

ಆಚಾರಿ ನಕ್ಕ. "ಎಲ್ಲಾದ್ರೂ ಉಂಟೇನಕ್ಕಾ? ಮನೆ ಕೆಲ್ಸಕ್ಕೆ ಯಜಮಾನ್ರ ಮೊಳನೇ ಹಿಡಿಯಾದು. ನಮ್ಮಪ್ಪನ ಕಾಲದಿಂದ ಹಂಗೇ ಐತೆ."

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಅಜ್ಜಮ್ಮ ಮೊರದಿಂದ ತಲೆಯೆತ್ತಲಿಲ್ಲ. "ಈ ಗೂಡು ಮಾಡ್ಸಾಕೂ ನಿಮ್ಮ ಮಾವನೋರ ಮೊಳನೇ ಹಿಡಿದಿದ್ದು. ನಲವತ್ತು ವರ್ಷ ನಾನೂ ಹತ್ತಿ ಇಳಿದೀನಿ. ಸತ್ತೇನೂ ಹೋಗ್ಲಿಲ್ಲ."

ಉಡಚಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಗಂಡನತ್ತ ಕೈ ತೋರಿಸಿದಳು.

"ಆಗ್ಲಿ. ಅಡಿಗೆಮನೆಗೂ ಇವರೇ ಯಜಮಾನ್ರು ಅನ್ನಾದಾದ್ರೆ, ಸಾಸಿವೆ ಎಲ್ಲೈತೆ ಕೇಳ್ರಿ. ತೆಗೆದುಕೊಟ್ರೆ ಅವರ ಮೊಳನೇ ಹಿಡೀರಿ."

"ಅದೇನ್ ಮಹಾ!" ಎಂದು ಮೇಷ್ಟ್ರು ಗೂಡಿಗೆ ಕೈಹಾಕಿದರು. ಮೊದಲ ಡಬ್ಬಿಯಲ್ಲಿ ಮೆಂತ್ಯ, ಎರಡನೆಯದರಲ್ಲಿ ಹುಣಸೆಬೀಜ. ಮೂರನೆಯದನ್ನು ತೆರೆದವರೇ ಖಾರದಪುಡಿಯ ಘಾಟಿಗೆ ಒಂದರ ಹಿಂದೊಂದು ಸೀನಿದರು. ಜಿಲ್ಲೆಯ ನಕ್ಷೆಯನ್ನು ಕಣ್ಣುಮುಚ್ಚಿ ಬರೆಯುವ ಮನುಷ್ಯ ತಮ್ಮದೇ ಮನೆಯ ಗೋಡೆಯಲ್ಲಿ ದಾರಿ ತಪ್ಪಿದ್ದರು. ಆಚಾರಿ ಬಾಯಿಗೆ ಟವೆಲು ಅಡ್ಡ ಹಿಡಿದ.

"ಸೋತೆ ಕಣೇ ಮಾರಾಯ್ತಿ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. "ಅಳೀರಿ ಆಚಾರ್ರೇ, ಇವಳ ಕೈನೇ ಅಳೀರಿ."

ಅವಳು ಸೆರಗು ಬಿಗಿದು ಕೈ ಚಾಚಿದಳು. ಬಳೆಗಾರನನ್ನು ಬಿಟ್ಟರೆ ಆ ಕೈಯ ಅಳತೆ ಕೇಳಿದವರು ಯಾರೂ ಇರಲಿಲ್ಲ. ಮೇಷ್ಟ್ರ ಗುರುತಿಗಿಂತ ನಾಲ್ಕು ಬೆರಳು ಕಡಿಮೆಗೆ ಕೋಲು ತುಂಡಾಯಿತು. ಗೆದ್ದೆ ಎಂದು ಬೀದಿಗೆ ಕೇಳುವಂತೆ ಕೂಗಬೇಕೆನಿಸಿತು ಅವಳಿಗೆ. ಕೂಗಲಿಲ್ಲ, ಎಲ್ಲರಿಗೂ ಧಾರಾಳವಾಗಿ ಸಕ್ಕರೆ ಹಾಕಿ ಟೀ ಮಾಡಿದಳು.

ಹದಿನೈದು ದಿನಕ್ಕೆ ಕಪಾಟು ನಿಂತಿತು. ಬೀದಿಯ ಹೆಂಗಸರೆಲ್ಲ ಬಂದು ಬಾಗಿಲು ತೆಗೆದು, ಹಾಕಿ, ಹೊನ್ನೆಯ ನುಣುಪನ್ನು ಸವರಿ ನೋಡಿದರು. ಪಕ್ಕದ ಮನೆಯ ಚೌಡಮ್ಮನಂತೂ, "ನಮ್ಮನೆಗೂ ಬರ್ರಿ ಆಚಾರ್ರೇ, ನನ್ನ ಮೊಳನೇ ಹಿಡೀರಿ," ಎಂದು ಅಲ್ಲೇ ಕೈ ನೀಡಿದಳು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹಿತ್ತಲಿನಿಂದ ಬಂದ ಉಡಚಮ್ಮ ಹೊಸ್ತಿಲಲ್ಲೇ ನಿಂತಳು. ಒಳಗೆ ಅಜ್ಜಮ್ಮ ಒಬ್ಬಳೇ ಇದ್ದಳು. ಎರಡೂ ಪಾದ ನೆಲಕ್ಕೂರಿ, ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ಇಳಿಸಿದಳು. ಬೆಲ್ಲವನ್ನೇನೂ ತೆಗೆಯಲಿಲ್ಲ. ಡಬ್ಬಿಯನ್ನು ಮೇಲಿಟ್ಟಳು, ಮತ್ತೆ ಇಳಿಸಿದಳು.